ಕೊಕ್ಕರೆ ನಂಬಿದ ನೀರು

ಬಲು ಹಿಂದೆ, ಈಗಿನ ಯಾವ ದಾರಿಯೂ ಮುಟ್ಟದ ಚಂದ್ರಗಾವಿ ಎಂಬ ರಾಜ್ಯದಲ್ಲಿ ಓಬಳನೆಂಬ ಬೊಂಬೆಗಾರನಿದ್ದ. ಅಂಗೈಯಗಲದ ಹಲಗೆಯ ಮೇಲೆ ಊರು, ಬೆಟ್ಟ, ಹೊಳೆ ಮಾಡಿ ಮಾರುತ್ತಿದ್ದ. ಒಂದೂರಲ್ಲಿ ಮೂರು ದಿನ ನಿಂತವನಲ್ಲ. ಅವನ ಹೆಂಡತಿ ಚೆನ್ನಾಜಿ ಕಾದು ಸಾಕಾಗಿ, ‘ಇವನು ಬರುವವನಲ್ಲ, ನಾನೇ ಹೋಗುತ್ತೇನೆ’ ಎಂದು ದೋಣಿ ಹತ್ತಿ ಸರೋವರ ದಾಟತೊಡಗಿದಳು.

ಅದೇ ಹೊತ್ತಿಗೆ ದಡದ ಗವಿಯಲ್ಲಿದ್ದ ಮಾಂತ್ರಿಕ ಗರಳಕೇತುವಿಗೆ ಅಲೆಗಳ ಸದ್ದಿನಿಂದ ನಿದ್ದೆ ಕೆಟ್ಟಿತು. ಬೆತ್ತ ಬೀಸಿದ. ಸರೋವರ ಗಾಜಾಯಿತು. ಚೆನ್ನಾಜಿ ಹುಟ್ಟು ಎತ್ತಿದ ಕೈಯಲ್ಲೇ ಕಲ್ಲಿನಂತೆ ನಿಂತುಬಿಟ್ಟಳು.

ಸುದ್ದಿ ಕೇಳಿ ಓಬಳ ಓಡಿ ಬಂದ. ಏಳು ವರ್ಷ ಆ ದಡ ಬಿಟ್ಟು ಕದಲಲಿಲ್ಲ. ದಿನವೂ ಗಾಜಿನ ಮೇಲೆ ನಡೆದುಹೋಗಿ ಅವಳೆದುರು ಕೂತು ಮಾತಾಡುತ್ತಿದ್ದ. ಅವಳ ಕಣ್ಣು ಅವನನ್ನು ದಾಟಿ, ಆಚೆ ದಡದಲ್ಲಿ ಅವನನ್ನೇ ಹುಡುಕುತ್ತಿತ್ತು.

ಕೊನೆಗೆ ಮಾಂತ್ರಿಕನ ಕಾಲು ಹಿಡಿದ. “ಅವಳನ್ನು ಬಿಡಿ ಸ್ವಾಮಿ.”

“ಬೊಂಬೆ ನೀರು ಮಾಡುವವನಲ್ಲವೇನಯ್ಯಾ ನೀನು? ನನ್ನ ಕೊಕ್ಕರೆ ನಂಬಿ ಕೊಕ್ಕಿಡುವಂಥ ನೀರು ಮಾಡು, ಬಿಡುತ್ತೇನೆ. ಮೂರು ಸಲ ನೋಡುತ್ತೇನೆ. ಆಗದಿದ್ದರೆ ನೀನೂ ಅವಳ ಪಕ್ಕ ನಿಲ್ಲು. ಜೋಡಿ ಬೊಂಬೆ.”

ಅದೂ ಒಂದು ವರವೇ ಎಂದು ಓಬಳನಿಗೆ ಅನ್ನಿಸಿತು. ಆದರೆ ಅವಳ ಕಣ್ಣಿಗೆ ಅವನು ಬೀಳಬೇಕಿತ್ತಲ್ಲ. ಕಾಡಿಗೆ ಹೋಗಿ ಮರಗಳಿಂದ ತಿಳಿಯಾದ ರಾಳ ಇಳಿಸಿ ತಂದ. ಅದಕ್ಕೆ ಗಟ್ಟಿ ಮಾಡುವ ರಸ ಬೆರೆಸಿ ಹಲಗೆಯ ಮೇಲಿನ ಬೊಂಬೆ ಕೆರೆಗೆ ಹೊಯ್ದರೆ ಒಂದು ದಿನದಲ್ಲಿ ಗಾಜಿನಂತಾಗುತ್ತದೆ.

ಮೊದಲನೆಯ ಸಲ ಬಿರುಸಾಗಿ ಕಲಕಿ ಹೊಯ್ದ. ಒಳಗೆ ಗುಳ್ಳೆಗಳು ಸಿಕ್ಕಿಕೊಂಡವು. ಕೊಕ್ಕರೆ ಬಂತು, ನೋಡಿತು, ಹೋಯಿತು.

“ನೊರೆ ಮಜ್ಜಿಗೆ ಮಾಡಿದೆಯಾ?” ಎಂದು ಮಾಂತ್ರಿಕ ನಕ್ಕ.

ಎರಡನೆಯ ಸಲ ಮೆಲ್ಲಗೆ ಕಲಕಿದ. ಮೇಲೆ ದೀಪದ ಕುಡಿ ಆಡಿಸಿ ಗುಳ್ಳೆ ಒಡೆದ. ಆದರೆ ಆತುರಕ್ಕೆ ಅಷ್ಟನ್ನೂ ಒಂದೇ ಏಟಿಗೆ ಹೊಯ್ದ. ರಾಳ ಒಳಗೊಳಗೇ ಕಾದು ಬಿರಿಯಿತು. ಕೊಕ್ಕರೆ ಬಂತು, ನೋಡಿತು, ಹೋಯಿತು.

“ಜೋಡಿಗೆ ಜಾಗ ಗುಡಿಸಿಡಲೇ?”

ಮೂರನೆಯ ಸಲ ಓಬಳ ತೆಳ್ಳಗೆ ಪದರ ಪದರವಾಗಿ ಹೊಯ್ದ. ತಳಕ್ಕೆ ಕಡುನೀಲಿ, ಮೇಲೆ ಹೋದಂತೆ ತಿಳಿ. ಎಲ್ಲ ಸರಿಯಿತ್ತು, ಆದರೂ ಅದು ಗಾಜೇ. ಏನು ಕಮ್ಮಿ? ಸರೋವರ ಇನ್ನೂ ಆಡುತ್ತಿದ್ದ ಕಾಲವನ್ನು ನೆನೆದ. ಅಲೆ ಬಂದು ಹಿಂದೆ ಸರಿದಾಗ ದಡದ ಮಣ್ಣು ಒಂದು ಬೆರಳಗಲ ಕಪ್ಪಾಗಿರುತ್ತಿತ್ತು. ನೀರಿಗೆ ಕಾದು ಕೂತವನಿಗಷ್ಟೇ ಕಾಣುವಂಥದ್ದು. ಆ ಒದ್ದೆ ಗೆರೆಯನ್ನು ಹಲಗೆಯ ಮೇಲಿನ ಪುಟ್ಟ ದಡದುದ್ದಕ್ಕೂ ಎಳೆದು, ಕಡೆಯ ಪದರ ಹೊಯ್ದ.

ಅದು ಗಟ್ಟಿಯಾಗಲು ಇನ್ನೊಂದು ದಿನ ಬೇಕಿತ್ತು. ಏಳು ವರ್ಷ ಕಾದವನಿಂದ ಆ ಒಂದು ದಿನ ಕಾಯಲಾಗಲಿಲ್ಲ. ಹಾಗೇ ಎತ್ತಿಕೊಂಡು ಹೋದ.

ಕೊಕ್ಕರೆ ಬಂತು, ನೋಡಿತು. ಹೋಗಲಿಲ್ಲ. ಒದ್ದೆ ದಡ ಕಂಡು ಕೊಕ್ಕಿಟ್ಟಿತು. ಕೊಕ್ಕು ಅಂಟಿಕೊಂಡಿತು.

ಮಾಂತ್ರಿಕನ ಪ್ರಾಣ ಇದ್ದದ್ದು ಆ ಕೊಕ್ಕಿನಲ್ಲೇ. ಮುಖ ಬಿಳಿಚಿ ಓಡಿಬಂದು ಕೊಕ್ಕರೆಯನ್ನು ಹಿಡಿದೆಳೆದ. ಕೊಕ್ಕಿನ ತುದಿ ಲಟಕ್ಕೆಂದು ಮುರಿಯಿತು. ಗರಳಕೇತು ಅಲ್ಲೇ ಬೂದಿಯಾದ.

ಸರೋವರ ನೀರಾಯಿತು. ಎತ್ತಿದ ಹುಟ್ಟು ನೀರಿಗೆ ಬಿತ್ತು. ದಡ ಸೇರಿದ ಚೆನ್ನಾಜಿ ಅವನನ್ನೇ ದಿಟ್ಟಿಸಿದಳು.

“ಅಲ್ಲಾ, ಹೋಗುವಾಗ ಗಡ್ಡ ಕಪ್ಪಗಿತ್ತಲ್ಲ? ಎಲ್ಲೆಲ್ಲಿ ಅಲೆದು ಬಂದೆ?”

“ಎಲ್ಲೂ ಹೋಗಿಲ್ಲ. ಇಲ್ಲೇ ಇದ್ದೆ.”

“ನೀನಾ?” ಎಂದು ನಕ್ಕಳು.

ಅವಳು ನಂಬಲಿಲ್ಲ. ನಂಬದಿದ್ದರೂ ಪಕ್ಕದಲ್ಲೇ ಕೂತಳು. ಅಲೆ ಬಂದು ಇಬ್ಬರ ಪಾದವನ್ನೂ ತೋಯಿಸಿತು. ಅಂದಿನಿಂದ ಚಂದ್ರಗಾವಿಯವರೆಲ್ಲ ಅಲೆಯ ಸದ್ದು ಕೇಳುತ್ತಲೇ ಮಲಗಿ, ಅಲೆಯ ಸದ್ದಿಗೇ ಎದ್ದು, ಸುಖವಾಗಿ ಬಾಳಿದರು.