ಫ್ಯಾನ್ ಹಾಕಿದ್ದು ಯಾರು?

"ಅಕ್ಕಾ, ಇದೇನು ವೆಲ್ಡಿಂಗಾ, ಸ್ಪಂಜಾ?" ಎಂದು ಅಪ್ಪ ನಕ್ಕರು.

ಅತ್ತೆ ಕಪ್ಪು ಗಾಜಿನ ಮಾಸ್ಕ್ ಮೇಲೆತ್ತಿ ನೋಡಿದರು. ಸೈಕಲ್ ಕ್ಯಾರಿಯರ್ರಿನ ಮುರಿದ ಕಾಲಿಗೆ ಹಾಕಿದ ಬೆಸುಗೆಯ ತುಂಬ ಸಣ್ಣ ಸಣ್ಣ ತೂತು. ಇಕ್ಕಳದಲ್ಲಿ ಹಿಡಿದು ಬಗ್ಗಿಸಿದ್ದೇ ತಡ, ಕಾಲು ಟಪ್ಪೆಂದು ಕಿತ್ತು ಬಂತು.

ಬುಗುರಿಯ ಮುಖ ಸಪ್ಪಗಾಯಿತು. ಒಂದು ಕಡೆ ನಿಲ್ಲದೆ ಗಿರಗಿರ ಸುತ್ತುತ್ತಾಳೆಂದು ಮನೆಯವರು ಅವಳಿಗಿಟ್ಟ ಹೆಸರದು. ಬಾಯಿ ಮುಚ್ಚದ್ದಕ್ಕೆ ರೇಡಿಯೋ ಎಂದೇ ಹೆಸರಾದ ಅವಳ ಗೆಳತಿ ತಿಂಗಳ ರಜೆ ಮುಗಿಸಿ ನಾಳೆ ಮತ್ತೆ ಶಾಲೆಗೆ ಬರುವವಳಿದ್ದಳು. ಕಾಲಿನ ಪ್ಲಾಸ್ಟರ್ ಬಿಚ್ಚಿದ್ದರೂ ದೂರ ನಡೆಯುವಂತಿರಲಿಲ್ಲ. "ನಾನು ಸೈಕಲ್ಲಲ್ಲಿ ಕರ್ಕೊಂಡು ಹೋಗ್ತೀನಿ, ಪ್ರಾಮಿಸ್!" ಎಂದು ಬುಗುರಿ ಮಾತು ಕೊಟ್ಟಿದ್ದಳು. ಮಾತು ಕೊಟ್ಟ ಮರುದಿನವೇ ಕ್ಯಾರಿಯರ್ ಕೈಕೊಟ್ಟಿತ್ತು.

ಅತ್ತೆ ಹಲ್ಲಿನ ಡಾಕ್ಟರ್. ವಾರವೆಲ್ಲ ಹಲ್ಲು ಕೀಳುತ್ತಾರೆ, ಭಾನುವಾರ ಕಾರ್ ಶೆಡ್ಡಿನಲ್ಲಿ ಕಬ್ಬಿಣ ಕೂಡಿಸುತ್ತಾರೆ. "ಕಿತ್ತ ಪಾಪ ಕಳ್ಕೊಳ್ತಿದ್ದೀನಿ" ಎಂದು ತಾವೇ ನಗುತ್ತಾರೆ.

"ಹಳೇ ಗ್ಯಾಸೇ ಸಾಕು ಅಂತ ಬಡ್ಕೊಂಡೆ. ಕೇಳಿದ್ಯಾ?" ಎಂದರು ಅಪ್ಪ.

ಬೆಳಿಗ್ಗೆ ಗ್ಯಾಸ್ ಅಂಗಡಿಯಲ್ಲೂ ಇದೇ ಜಗಳ. ವೆಲ್ಡಿಂಗಿಗೆ ಇಷ್ಟು ದಿನ ಬಳಸಿದ ಬರೀ ಕಾರ್ಬನ್ ಡೈಆಕ್ಸೈಡೇ ಇರಲಿ ಎಂದು ಅಪ್ಪ ಹಟ ಹಿಡಿದಿದ್ದರು.

"ಅದು ಕಿಡಿ ಉಗುಳುತ್ತೆ ಕಣೋ. ಈ ತೆಳು ಪೈಪನ್ನ ಸುಟ್ಟು ಹಾಕುತ್ತೆ. ಆರ್ಗಾನ್ ಬೆರೆಸಿದ್ದು ತಗೊಳ್ಳೋಣ" ಎಂದಿದ್ದರು ಅತ್ತೆ.

"ಕಲಬೆರಕೆ ಯಾಕತ್ತೆ? ಪ್ಯೂರ್ ಆರ್ಗಾನೇ ತಗೊಳ್ಳಿ!" ಎಂದಿದ್ದಳು ಬುಗುರಿ.

"ಅದು ತೀರಾ ಸಾಧು ಕಣೇ. ಅಲ್ಯೂಮಿನಿಯಮ್ಮಿಗೆ ಸರಿ. ಕಬ್ಬಿಣದ ಹತ್ರ ಸ್ವಲ್ಪ ಜೋರಿರೋರೂ ಜೊತೆಗೆ ಬೇಕು."

ಹಾಗೆ ಬಂದ ಮಿಕ್ಸ್ ಸಿಲಿಂಡರ್ ಈಗ ಮೂಲೆಯಲ್ಲಿ ಅಪರಾಧಿಯ ಹಾಗೆ ನಿಂತಿತ್ತು.

"ಗ್ಯಾಸಿನ ಕೆಲಸ ಏನತ್ತೆ?" ಎಂದು ಬುಗುರಿ ಕೇಳಿದಳು.

"ಕಾವಲು ಕಾಯೋದು. ಕರಗಿದ ಕಬ್ಬಿಣಕ್ಕೆ ಗಾಳಿ ತಾಗಿದ್ರೆ ಹೀಗೇ ತೂತು ಬೀಳುತ್ತೆ. ಗಾಳಿ ಹತ್ರ ಬರದ ಹಾಗೆ ಗ್ಯಾಸು ಸುತ್ತ ನಿಂತಿರುತ್ತೆ."

"ನಿನ್ನ ಕಾವಲುಗಾರ ಗೊರಕೆ ಹೊಡೀತಿದ್ದಾನೆ ಬಿಡು" ಎಂದರು ಅಪ್ಪ. "ನಾಳೆ ವಾಪಸ್ ಕೊಟ್ಬಿಡೋಣ."

ಬುಗುರಿ ಶೆಡ್ಡಿನಲ್ಲಿ ಒಂದು ಸುತ್ತು ಹೊಡೆದಳು. ಕೂದಲು ಹಾರಿ ಕಣ್ಣಿಗೆ ಬಿತ್ತು. ಸರಿಸಿಕೊಳ್ಳುತ್ತಾ ತಿರುಗಿ ನೋಡಿದಳು. ಅತ್ತೆಯ ಬೆನ್ನ ಹಿಂದೆ ಟೇಬಲ್ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಅತ್ತೆ ದಪ್ಪ ಚರ್ಮದ ಕೋಟಿನಲ್ಲಿ ಬೆವರುತ್ತಿದ್ದರೆಂದು ಒಳಗಿನಿಂದ ಹೊತ್ತು ತಂದು ಹಚ್ಚಿದವಳು ಅವಳೇ.

ಸುಮ್ಮನಿದ್ದರೆ ಬೈಗುಳವೆಲ್ಲ ಗ್ಯಾಸಿನ ಪಾಲಿಗೇ ಹೋಗುತ್ತಿತ್ತು. ಆದರೆ ಕ್ಯಾರಿಯರ್ ಸರಿಹೋಗುತ್ತಿರಲಿಲ್ಲ.

"ಅತ್ತೆ... ಕಾವಲುಗಾರನ್ನ ನಾನೇ ಓಡಿಸಿದೆ ಅನ್ಸುತ್ತೆ" ಎಂದು ಫ್ಯಾನ್ ಕಡೆ ಬೆರಳು ತೋರಿಸಿದಳು. "ನಿಮಗೆ ಸೆಕೆ ಆಗ್ತಿತ್ತಲ್ಲಾ ಅಂತ..."

ಅತ್ತೆ ಹಣೆ ಚಚ್ಚಿಕೊಂಡು ನಕ್ಕರು. "ಅಯ್ಯೋ, ನಂಗೂ ಹಾಯಾಗಿತ್ತಲ್ಲೇ, ಹೊಳೀಲೇ ಇಲ್ಲ ನೋಡು!"

ಫ್ಯಾನ್ ನಿಂತಿತು. ಅತ್ತೆ ಹಳೆಯ ಬೆಸುಗೆಯನ್ನು ಉಜ್ಜಿ ತೆಗೆದರು.

"ನಾನೇನು ಮಾಡ್ಲಿ? ನೀರು ತರ್ಲಾ? ಪೈಪ್ ಹಿಡ್ಕೊಳ್ಲಾ?"

"ಮಾಸ್ಕ್ ಹಾಕ್ಕೊಂಡು ಬಾಗಿಲ ಹತ್ರ ನಿಂತ್ಕೋ. ಅಲ್ಲಾಡ್ಬೇಡ."

"ಅಷ್ಟೇನಾ?"

"ಅಷ್ಟೇ."

ಬುಗುರಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಮೂಗು ತುರಿಸಿತು. ಕಾಲು ತಾನಾಗಿಯೇ ಕುಣಿಯಲು ಹೊರಟಿತು. ಆದರೂ ಗೊಂಬೆಯಂತೆ ನಿಂತಳು. ಮೊದಲಿನ ಪಟಪಟ ಸದ್ದು ಈ ಸಲ ಇರಲಿಲ್ಲ. ಒಂದೇ ಸಮನೆ ಸುಯ್ಯೆಂದಿತು, ಅಷ್ಟೇ.

ಬೆಸುಗೆ ನುಣ್ಣಗೆ ಹೊಳೆಯಿತು. ಒಂದು ತೂತೂ ಇಲ್ಲ. ಅದು ತಣ್ಣಗಾದ ಮೇಲೆ ಅಪ್ಪನೇ ಕ್ಯಾರಿಯರ್ ಮೇಲೆ ಕೂತು ಕುಪ್ಪಳಿಸಿದರು.

"ಇರಲಿ ಬಿಡು, ಸಿಲಿಂಡರ್ ಇಲ್ಲೇ ಇರಲಿ" ಎಂದರು ಮೆಲ್ಲಗೆ.

ಮರುದಿನ ಬೆಳಿಗ್ಗೆ ರೇಡಿಯೋ ತನ್ನ ಮನೆಯ ಗೇಟಿನ ಹೊರಗೆ ಕಾಯುತ್ತಿದ್ದಳು. ಒಂದೊಂದೇ ಹೆಜ್ಜೆ ಇಡುತ್ತಾ ಸೈಕಲ್ಲಿನತ್ತ ಬಂದಳು. ಅವಳನ್ನು ಎಳೆದು ಕೂರಿಸಲೆಂದು ಬುಗುರಿಯ ಕೈ ಮುಂದೆ ಹೋಯಿತು.

"ಬೇಡ, ನಾನೇ ಹತ್ತುತ್ತೀನಿ" ಎಂದಳು ರೇಡಿಯೋ.

ಬುಗುರಿ ಕೈ ಹಿಂದೆಗೆದುಕೊಂಡಳು. ಎರಡೂ ಕಾಲು ಊರಿ, ಸೈಕಲ್ ಚೂರೂ ಅಲುಗದಂತೆ ಹಿಡಿದು, ಗೆಳತಿ ಹತ್ತಿ ಕೂರುವವರೆಗೂ ಸುಮ್ಮನೆ ನಿಂತಳು.