ತಲೆಕೆಳಗಾದ ಲಿಲ್ಲಿ ಗೆಡ್ಡೆಗಳು

ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಕ್ಕನೂ ನಾನೂ ಮತ್ತೆ ಒಂದೇ ಸೂರಿನಡಿ ಸೇರಿದ ಮೇಲೆ ಕೈಹಾಕಿದ ಮೊದಲ ಕೆಲಸವೆಂದರೆ ಹಿತ್ತಿಲಿನ ಹೂವಿನ ಪಾತಿ. ಮೊಣಕಾಲೆತ್ತರದ ಕಳೆ ಕಿತ್ತು, ಮಣ್ಣು ಸಡಿಲಿಸಿ, ಲಿಲ್ಲಿ ಗೆಡ್ಡೆಗಳನ್ನು ಮೊಳಕೆ ಮೇಲಿರುವಂತೆ ನಾನೇ ನೆಟ್ಟೆ. ಮಣ್ಣು ಮಾತ್ರ ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು.

ತಿಂಗಳುಗಳು ಕಳೆದರೂ ಚಿಗುರು ಕಾಣಲಿಲ್ಲ. ಕೆದಕಿ ನೋಡಿದರೆ ಅಷ್ಟೂ ಗೆಡ್ಡೆಗಳು ತಲೆಕೆಳಗಾಗಿದ್ದವು.

"ಇದು ನಿಂದೇ ಕಿತಾಪತಿ ತಾನೆ, ಅಕ್ಕ?" ಎಂದೆ.

"ನೆಡೋಕೆ ಬರದವಳು ನೀನು, ಬೈಸ್ಕೊಳ್ಳೋಳು ನಾನಾ? ಹಳೇ ಜಗಳ ಇನ್ನೂ ಹೊಟ್ಟೇಲಿ ಇಟ್ಕೊಂಡಿದೀಯ ಅನ್ನು!"

ಅವಳು ಬಟ್ಟೆಬರೆ ಕಟ್ಟತೊಡಗಿದಳು. ನನಗೂ ಅನುಮಾನ ಹೋಗಿರಲಿಲ್ಲ. ಒಂದು ಗೆಡ್ಡೆಯನ್ನು ಅವಳೆದುರೇ ಅಗೆದು ಬಾಯಿ ಮುಚ್ಚಿಸೋಣವೆಂದು ಹಿತ್ತಿಲಿಗೆ ಕರೆದೆ.

ಗೆಡ್ಡೆ ತಲೆಕೆಳಗಾದರೂ ಚಿಗುರು ಬಾಗಿ ಮೇಲಕ್ಕೇ ಬರುತ್ತದೆ. ಇದರದು ನೆಟ್ಟಗೆ ಕೆಳಗಿಳಿದಿತ್ತು. ಇಬ್ಬರೂ ಮೊಣಕೈ ಆಳದವರೆಗೆ ಅಗೆದೆವು. ಕಾಂಡ ಬಲಿತಿತ್ತು, ಎಲೆಗಳೂ ಇದ್ದವು. ತುದಿಯಲ್ಲಿ ಹೂವು ಮಾತ್ರ ಇರಲಿಲ್ಲ. ಉಗುರಿನಿಂದ ಚಿವುಟಿದ ಗುರುತಿತ್ತು.

ಅಕ್ಕ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಚಿವುಟಿದ ಜಾಗದಲ್ಲಿ ರಸ ಇನ್ನೂ ಒಸರುತ್ತಿತ್ತು.