ಅಮ್ಮನಿಗೆ ಹತ್ತಕ್ಕೆ ಮೂರು

ನಾಲ್ಕನೇ ಪ್ರಶ್ನೆಗೂ ಅಮ್ಮ ತಪ್ಪು ಉತ್ತರ ಹೇಳಿದಾಗ ಟೀಚರಮ್ಮನಿಗೆ ಅಳುವೇ ಬಂದುಬಿಟ್ಟಿತು.

“ಹನ್ನೊಂದಲ್ಲಮ್ಮ, ಒಂಬತ್ತು. ನಮ್ಮಲ್ಲಿ ಕೆಲಸ ಮಾಡೋರು ಒಂಬತ್ತು ಜನ. ಅಪ್ಪನೇ ಬರ್ದಿರೋದು, ನೋಡು.”

ಅಮ್ಮ ಹಾಳೆ ನೋಡಲಿಲ್ಲ. ಅಪ್ಪನ ಮುಖ ನೋಡಿ, “ಆಯ್ತು, ಒಂಬತ್ತು” ಎಂದಳು. ಟೀಚರಮ್ಮ ಕೆಂಪು ಪೆನ್ನಿನಲ್ಲಿ ದೊಡ್ಡದೊಂದು ಇಂಟು ಹಾಕಿದಳು.

ಟೀಚರಮ್ಮ ಓದುತ್ತಿದ್ದದ್ದು ಐದನೇ ಕ್ಲಾಸು. ಯಾರು ಏನು ಹೇಳಿದರೂ ಅದರಲ್ಲೊಂದು ತಪ್ಪು ಹುಡುಕುತ್ತಿದ್ದಳಾದ್ದರಿಂದ ಮನೆಯಲ್ಲಿ ಆ ಹೆಸರು ಬಿದ್ದಿತ್ತು. ಈಗ ಅಪ್ಪನೇ ಅವಳಿಗೆ ಅಮ್ಮನನ್ನು ಪಾಸು ಮಾಡಿಸುವ ಕೆಲಸ ಕೊಟ್ಟಿದ್ದ.

ಅವರದು ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆ. ಔಷಧಿ ಕಂಪನಿಯೊಂದು ವರ್ಷಪೂರ್ತಿ ಪೆಟ್ಟಿಗೆ ಕೊಳ್ಳುತ್ತೇವೆ ಎಂದಿತ್ತು. ಆದರೆ ಕಾರ್ಖಾನೆ ಮಹಿಳೆಯ ಒಡೆತನದ್ದು ಎಂಬ ಸರ್ಟಿಫಿಕೇಟ್ ಇರಬೇಕು. ಆ ಆರ್ಡರ್ ಸಿಗದಿದ್ದರೆ ಕಾರ್ಖಾನೆ ಬಾಗಿಲು ಹಾಕಬೇಕಾಗುತ್ತೆ ಎಂದು ಅಪ್ಪ ದಿನಾ ಊಟದ ಹೊತ್ತಿಗೆ ಹೇಳುತ್ತಿದ್ದ. ಅದಕ್ಕೇ ನೂರರಲ್ಲಿ ಐವತ್ತೊಂದು ಪಾಲನ್ನು ಅಮ್ಮನ ಹೆಸರಿಗೆ ಬರೆದಿದ್ದ. “ಬರೀ ಕಾಗದದ ಮೇಲೆ ಕಣೇ, ನೀನೇನೂ ತಲೆ ಕೆಡಿಸ್ಕೋಬೇಡ” ಎಂದು ಅವಳಿಗೆ ಧೈರ್ಯವನ್ನೂ ತುಂಬಿದ್ದ.

ಅರ್ಜಿಯಲ್ಲಿ ‘ಒಡತಿಯ ಕಷ್ಟಸುಖವನ್ನು ಒಡತಿಯ ಮಾತಿನಲ್ಲೇ ಬರೆಯಿರಿ’ ಎಂದಿತ್ತು. ಅದನ್ನು ಬರೆದವನೂ ಅಪ್ಪನೇ. ‘ಹೆಣ್ಣಾದ ನಾನು ಒಬ್ಬಳೇ ಹಗಲಿರುಳು ದುಡಿದು’ ಎಂದು ಶುರುವಾಗಿ ನಾಲ್ಕು ಪುಟ ಓಡಿತ್ತು. ಕೊನೆಗೆ ಬರುವಷ್ಟರಲ್ಲಿ ಅವನ ಕಣ್ಣಲ್ಲೇ ನೀರು. ಆ ಹೊತ್ತಿಗೆ ಅಮ್ಮ ಕಾರ್ಖಾನೆಯಲ್ಲಿ ಕೆಟ್ಟ ಮಷಿನ್ ಬಿಚ್ಚಿಕೊಂಡು ಕೂತಿದ್ದಳು.

ನಾಳೆ ಪರಿಶೀಲನೆಯ ಮೇಡಂ ಬರುವವರಿದ್ದರು. ಅಮ್ಮ ಹೆಸರಿಗೆ ಮಾತ್ರ ಒಡತಿಯೋ, ನಿಜವಾದ ಒಡತಿಯೋ ಎಂದು ಪ್ರಶ್ನೆ ಕೇಳಿ ಪತ್ತೆ ಮಾಡುತ್ತಾರಂತೆ. ಅಪ್ಪ ಹತ್ತು ಪ್ರಶ್ನೆಗೆ ಹತ್ತು ಉತ್ತರ ಬರೆದುಕೊಟ್ಟಿದ್ದ. ಅಮ್ಮನಿಗೆ ಬಂದದ್ದು ಹತ್ತಕ್ಕೆ ಮೂರು.

“ಇಷ್ಟು ದಿನ ಹೇಳ್ಕೊಟ್ಟಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು” ಎಂದು ಅಪ್ಪ ಹಣೆ ಚಚ್ಚಿಕೊಂಡ. ಉತ್ತರ ಹೇಳುವ ಮೊದಲು ನನ್ನ ಮುಖ ನೋಡಬೇಡ ಎಂದೂ ಗದರಿದ.

ಮಾರನೆಯ ದಿನ ಟೀಚರಮ್ಮನಿಗೆ ಸ್ಕೂಲಿಗೆ ರಜೆ ಹಾಕಿಸಿ, ಹಾಳೆ ಕೊಟ್ಟು, ಅಪ್ಪ ಕಾರ್ಖಾನೆಯಲ್ಲಿ ರಟ್ಟಿನ ರಾಶಿಯ ಹಿಂದೆ ನಿಲ್ಲಿಸಿದ. ಅಮ್ಮ ತಡವರಿಸಿದರೆ ಬೆರಳಲ್ಲಿ ಸನ್ನೆ ಮಾಡಬೇಕಿತ್ತು. ಇದು ಕಾಪಿ ಹೊಡೆದ ಹಾಗಲ್ವಾ ಎಂದು ಅವಳು ಕೇಳಿದ್ದಕ್ಕೆ ಅಪ್ಪ, ಮಕ್ಕಳು ಮಾಡಿದರೆ ಕಾಪಿ, ದೊಡ್ಡವರು ಮಾಡಿದರೆ ಅದು ತಯಾರಿ ಎಂದ.

ಮೇಡಂ ಬಂದರು. ಅಮ್ಮ ಅಪ್ಪನ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಕೆಲಸದವರು ಎಷ್ಟು ಜನ ಎಂದು ಮೇಡಂ ಕೇಳಿದ ಕೂಡಲೇ ಟೀಚರಮ್ಮ ಒಂಬತ್ತು ಬೆರಳೆತ್ತಿದಳು. ಅಮ್ಮ ಅದನ್ನು ನೋಡಿದಳು, ನೋಡಿಯೂ ಹನ್ನೊಂದು ಎಂದಳು.

ಆರ್ಡರ್ ಹೋಯಿತು, ಕಾರ್ಖಾನೆಯೂ ಹೋಯಿತು ಎಂದುಕೊಂಡಳು ಟೀಚರಮ್ಮ. ಮೇಡಂ ಎದ್ದು ಕೆಲಸದವರನ್ನು ಎಣಿಸಿದರು. ಟೀಚರಮ್ಮನೂ ಮರೆಯಿಂದಲೇ ಎಣಿಸಿದಳು. ಹನ್ನೊಂದೇ ಇದ್ದರು. ಇಬ್ಬರನ್ನು ಅಮ್ಮ ಹೋದ ತಿಂಗಳಷ್ಟೇ ಸೇರಿಸಿಕೊಂಡಿದ್ದಳಂತೆ.

ಆಮೇಲೆ ಮೇಡಂ ಹಾಳೆಯಲ್ಲಿ ಇದ್ದದ್ದನ್ನೂ ಕೇಳಿದರು, ಇಲ್ಲದ್ದನ್ನೂ ಕೇಳಿದರು. ಅಮ್ಮ ಕುರ್ಚಿ ಬಿಟ್ಟು ಎದ್ದಳು. ಚಳಿಗೆ ಅಂಟು ಗಟ್ಟಿಯಾಗುತ್ತದೆ, ಅದಕ್ಕೆ ತಾನು ಬೆಳಿಗ್ಗೆ ಒಂದು ಗಂಟೆ ಮೊದಲೇ ಬಂದು ಬಿಸಿ ಮಾಡುತ್ತೇನೆ ಎಂದಳು. ಹಳೆಯ ರಟ್ಟಿನ ಪೆಟ್ಟಿಗೆ ಮೂಲೆಯಲ್ಲಿ ಬಿರಿಯುತ್ತಿತ್ತು, ಅದಕ್ಕೆ ರಟ್ಟು ತರಿಸುವ ಕಡೆಯನ್ನೇ ಬದಲಾಯಿಸಿದೆ ಎಂದಳು. ಅಪ್ಪನ ಹಾಳೆಯಲ್ಲಿ ಇನ್ನೂ ಹಳೆಯ ಅಂಗಡಿಯ ಹೆಸರೇ ಇತ್ತು. ಟೀಚರಮ್ಮ ತಾನು ಹಾಕಿದ ಇಂಟುಗಳನ್ನು ಒಂದೊಂದಾಗಿ ನೋಡಿದಳು. ಅವಳಿಗೆ ನಾಚಿಕೆಯಾಯಿತು.

ಕೊನೆಗೆ ಮೇಡಂ ಅಪ್ಪನ ಕಡೆ ತಿರುಗಿದರು. “ಇಲ್ಲಿ ನಿಮ್ಮ ಕೆಲಸ ಏನು?”

ಟೀಚರಮ್ಮ ಹಾಳೆಯ ಆ ಮಗ್ಗುಲು ಈ ಮಗ್ಗುಲು ಹುಡುಕಿದಳು. ಆ ಪ್ರಶ್ನೆಯೇ ಇರಲಿಲ್ಲ. ನಾಲ್ಕು ಪುಟ ಬರೆದಿದ್ದ ಅಪ್ಪ ಈಗ ಅಮ್ಮನ ಮುಖ ನೋಡಿದ.

“ಗಿರಾಕಿಗಳ ಹತ್ರ ಮಾತಾಡ್ತೀನಿ. ಮಿಕ್ಕಿದ್ದಕ್ಕೆ ಇವಳನ್ನೇ ಕೇಳ್ಬೇಕು” ಎಂದ, ಮೆಲ್ಲಗೆ.

ಮೇಡಂ ನಕ್ಕು ಫೈಲು ಮುಚ್ಚಿದರು. ಸರ್ಟಿಫಿಕೇಟ್ ಇನ್ನೊಂದು ವಾರದಲ್ಲಿ ಕೈಸೇರುತ್ತದೆ ಎಂದು ಹೇಳಿ ಹೋದರು.

ಅವರ ಗಾಡಿ ಮರೆಯಾಗುತ್ತಿದ್ದಂತೆ ಅಪ್ಪನಿಗೆ ಮತ್ತೆ ಜೀವ ಬಂತು. “ನೋಡಿದ್ಯಾ, ನಾನು ಹೇಳ್ಕೊಟ್ಟಿದ್ದಕ್ಕೆ ಪಾಸಾದೆ” ಎಂದ.

“ನಾಳೆ ಬೇಗ ಬನ್ನಿ, ಅಂಟು ಬಿಸಿ ಮಾಡೋದು ಹೇಳ್ಕೊಡ್ತೀನಿ” ಎಂದಳು ಅಮ್ಮ. ಹಾಗೆನ್ನುವ ಮೊದಲು ಅವಳು ಅಪ್ಪನ ಮುಖ ನೋಡಲಿಲ್ಲ.

ಟೀಚರಮ್ಮ ನೋಡಿದಳು. ಅಪ್ಪನ ಮುಖ ಇಷ್ಟೇ ಇಷ್ಟಾಗಿತ್ತು. ಅಮ್ಮ ಇಷ್ಟು ದಿನ ಆ ಮುಖದಲ್ಲಿ ಹುಡುಕುತ್ತಿದ್ದದ್ದು ಉತ್ತರವನ್ನಲ್ಲ, ನಿಜ ಹೇಳಿದರೆ ಅವನಿಗೆ ನೋವಾದೀತೇನೋ ಎಂದು ನೋಡುತ್ತಿದ್ದಳು.